ಗಣಿಯನ್ನೇ ಆಡಿಟ್ ಮಾಡುವ ಜಿಂಜು ತೀರದ ಜನ

ಕೋಬೆ: ಆಡಿಟ್ ನನ್ನ ಹೊಟ್ಟೆಪಾಡು. ಆದರೆ ರೈತರೇ ಗಣಿಗೆ ಹೋಗಿ ಆಡಿಟ್ ಮಾಡುತ್ತಾರೆಂದು ಕೇಳಿದ್ದು ಜಪಾನಿಗೆ ಬಂದ ಮೇಲೆ.

ಇಲ್ಲಿಂದ ಈಶಾನ್ಯಕ್ಕಿರುವ ತೊಯಾಮಾದ ಜಿಂಜು ನದಿಯ ಸಂಗತಿಯಿದು. ನದಿಯ ಮೇಲ್ಭಾಗದ ಕಾಮಿಯೊಕಾ ಗಣಿಯಿಂದ ಹರಿದ ಕ್ಯಾಡ್ಮಿಯಂ ಗದ್ದೆ ಸೇರಿತು, ಅನ್ನದ ಜೊತೆ ಮೈಗೂ ಸೇರಿತು. ಮೂಳೆ ಎಷ್ಟು ಮೆತ್ತಗಾಯಿತೆಂದರೆ ಕೆಮ್ಮಿದರೂ ಮುರಿಯುತ್ತಿತ್ತು. ನರಳಿದವರಲ್ಲಿ ಹೆಚ್ಚಿನವರು ಮಕ್ಕಳನ್ನು ಹೆತ್ತ ಹೆಂಗಸರು. ರೋಗದ ಹೆಸರೇ 'ಇತಾಯ್ ಇತಾಯ್', ಅಂದರೆ 'ಅಯ್ಯೋ, ನೋವು'.

1968ರಲ್ಲಿ ಕೋರ್ಟ್ ಮೆಟ್ಟಿಲೇರಿದವರು 1972ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಪರಿಹಾರ ಪಡೆದು ಸುಮ್ಮನಾಗಲಿಲ್ಲ. ಬೇಕೆನಿಸಿದಾಗ ತಜ್ಞರೊಂದಿಗೆ ಗಣಿ ತಪಾಸಣೆ ಮಾಡುವ ಹಕ್ಕನ್ನು ಬರೆಸಿಕೊಂಡರು, ಖರ್ಚು ಕಂಪನಿಯದೇ. (ನಮ್ಮಂಥ ಆಡಿಟರ್‌ಗಳಿಗೂ ಅಷ್ಟು ಸಲುಗೆಯಿಲ್ಲ!) ಅಂದಿನಿಂದ ವರ್ಷ ವರ್ಷವೂ ತಪಾಸಣೆ ನಡೆದು, ನದಿಯ ಕ್ಯಾಡ್ಮಿಯಂ ಸಹಜ ಮಟ್ಟಕ್ಕಿಳಿದಿದೆ. ಗದ್ದೆಗಳ ಮಣ್ಣು ಸರಿಪಡಿಸಿ ಮುಗಿಯುವಾಗ 2012 ಬಂತು.

ನಮ್ಮ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯ ಹೂಳು ಮಾತ್ರ ಭದ್ರೆಯ ಉಪನದಿಗೆ ಕಟ್ಟಿದ ಲಕ್ಯಾ ಅಣೆಕಟ್ಟೆಯ ಹಿಂದೆ ಕೂತಿದೆ. ಮೊನ್ನೆ ಫೋನಿನಲ್ಲಿ ಅಣ್ಣನನ್ನು ಕೇಳಿದೆ: "ಅದನ್ನು ಊರಿನವರು ಯಾರಾದರೂ ಹೋಗಿ ನೋಡ್ತಾರಾ?"

"ನೋಡಬೇಕು ಅಂತ ನಾವು ಯಾವತ್ತು ಕೇಳಿದ್ದೇವೆ ಮಾರಾಯ?" ಎಂದ.