ಹಿಮದಲ್ಲಿ ಜಾರಿ ಬಿದ್ದರೆ ಹೊಣೆ ಯಾರದು?

ಮ್ಯಾಸಚೂಸೆಟ್ಸ್‌ನ ಕನ್ನಡ ಬಂಧುಗಳೇ,

ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಬಂದವರು ನಿಮ್ಮ ಮನೆಯ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಬಿದ್ದರೆ ಹೊಣೆ ನಿಮ್ಮ ಮೇಲೆ ಬರಬಹುದು. ತಾನಾಗಿ ಬಿದ್ದು ಹಾಗೇ ಉಳಿದ ಹಿಮಕ್ಕೆ ಮಾಲೀಕರು ಹೊಣೆಯಲ್ಲ ಎಂಬ ಹಳೆಯ ನಿಯಮವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2010ರ ಜುಲೈನಲ್ಲಿ ಕೈಬಿಟ್ಟಿತು. ಅದು ಟಾರ್ಗೆಟ್ ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ ಬಿದ್ದವರೊಬ್ಬರ ಮೊಕದ್ದಮೆ. ಈಗ ಕೋರ್ಟು ನೋಡುವುದು, ಮಾಲೀಕರು ತಕ್ಕಷ್ಟು ಎಚ್ಚರ ವಹಿಸಿದ್ದರೇ ಎಂಬುದನ್ನು. ಹಿಮ ಗೋರಿ, ಉಪ್ಪು ಹಾಕಿಡಿ.

ಗೆಳೆಯರ ಮೇಲೆ ಯಾರು ಕೇಸು ಹಾಕುತ್ತಾರೆ ಎನ್ನಬೇಡಿ. ಕೈ ಮುರಿದಾಗ ಆಸ್ಪತ್ರೆಯ ಬಿಲ್ಲು ದೊಡ್ಡದು; ಪರಿಹಾರ ಕೊಡುವುದು ಸಾಮಾನ್ಯವಾಗಿ ಮನೆಯ ಇನ್ಶೂರೆನ್ಸ್ ಕಂಪನಿ.

ನೀವೇ ಬಿದ್ದರೆ, ಮಂಜು ಕರಗುವ ಮುನ್ನ ಫೋಟೋ ತೆಗೆದುಕೊಳ್ಳಿ. 30 ದಿನಗಳೊಳಗೆ ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು. ದಾವೆ ಹೂಡಲು 3 ವರ್ಷ ಅವಕಾಶವಿದೆ.