ಹಿತ್ತಿಲಿನಿಂದ ಗೆಲಾಕ್ಸಿಯ ಚಿತ್ರ: ಬೇಕಾದುದು ಹೊತ್ತು ಮತ್ತು ಕತ್ತಲೆ

ಗೆಲಾಕ್ಸಿ, ಧೂಮಕೇತುಗಳ ಬಣ್ಣದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡಾಗ ಅವೆಲ್ಲ ಅಮೆರಿಕದ ನಾಸಾ ಸಂಸ್ಥೆಯಿಂದಲೇ ಬಂದಿರಬೇಕೆಂದು ನಮ್ಮಲ್ಲಿ ಹೆಚ್ಚಿನವರು ತಿಳಿಯುತ್ತಾರೆ. ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ಶಿಕ್ಷಕರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು ತಮ್ಮ ಅಂಗಳದಲ್ಲೋ ತಾರಸಿಯಲ್ಲೋ ನಿಂತು ತೆಗೆದಿರುತ್ತಾರೆ ಎಂದರೆ ನಂಬುವವರು ಕಡಿಮೆ. ಮದುವೆ, ರೋಸ್, ಮೊದಲ ಪರಮಪ್ರಸಾದದ ಸಮಾರಂಭಗಳಿಗೆ ಬರುವ ಫೋಟೊಗ್ರಾಫರರ ಹೆಗಲಲ್ಲಿ ತೂಗುವ ಕ್ಯಾಮೆರಾವೇ ಆರಂಭಕ್ಕೆ ಸಾಕು. ಸಿಗದೆ ಹೋಗುವುದು ಬೇರೆ ಎರಡು: ಹೊತ್ತು ಮತ್ತು ಕತ್ತಲೆ. ಹೊತ್ತನ್ನು ತಾಳ್ಮೆಯಿಂದ ಹೊಂದಿಸಿಕೊಳ್ಳಬಹುದು. ಕತ್ತಲೆ ಮಾತ್ರ ನಮ್ಮ ಕರಾವಳಿಯಲ್ಲಿ ಕೈಜಾರುತ್ತಿದೆ. ಅದರಲ್ಲಿ ನಮ್ಮ ಚರ್ಚ್ ವಠಾರಗಳ ಪಾಲೂ ಇದೆ. ಆದುದರಿಂದಲೇ ಈ ವಿಷಯವನ್ನು ಓದುಗರ ಮುಂದಿಡುತ್ತಿದ್ದೇವೆ.

ಆರಂಭಿಸುವವರಿಗೆ ದೇವಯಾನಿ ಗೆಲಾಕ್ಸಿಗಿಂತ ಒಳ್ಳೆಯ ಗುರಿಯಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಆಂಡ್ರೊಮಿಡ ಎಂದು ಹೆಸರು. ನವೆಂಬರ್ ತಿಂಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ನಿಂತರೆ ಇಂಗ್ಲಿಷಿನ 'ಎಂ' ಅಕ್ಷರದಂತೆ ಕಾಣುವ ಕುಂತೀ ನಕ್ಷತ್ರಗಳು ಸಿಗುತ್ತವೆ. ಅವುಗಳಿಗಿಂತ ಮೇಲೆ, ನೆತ್ತಿಯ ಕಡೆಗೆ, ಮಂಜಿನ ತುಣುಕಿನಂತೆ ದೇವಯಾನಿ ಇರುತ್ತದೆ. ಹತ್ತನೇ ಶತಮಾನದಲ್ಲಿ ಪರ್ಷಿಯದ ವಿದ್ವಾಂಸ ಅಲ್-ಸೂಫಿ ಇದನ್ನು ಒಂದು ಸಣ್ಣ ಮೋಡವೆಂದೇ ದಾಖಲಿಸಿದ್ದಾರೆ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಬೇಕು. ಆದರೂ ಆಕಾಶದಲ್ಲಿ ಅದರ ಉದ್ದ ಕಡಿಮೆಯೇನಲ್ಲ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟಿದೆ. 200 ಮಿ.ಮೀ. ಲೆನ್ಸಿನಲ್ಲಿ ಪೂರ್ತಿ ಹಿಡಿಸುತ್ತದೆ. ಕಷ್ಟವಿರುವುದು ಗಾತ್ರದಲ್ಲಲ್ಲ, ಅದರ ಮಸುಕಿನಲ್ಲಿ. ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ, ಕ್ಯಾಮೆರಾ ಕೂಡಿಡುತ್ತದೆ. ಬೇಸಿಗೆಯಲ್ಲಿ ನಳ್ಳಿಯಿಂದ ಹನಿಹನಿಯಾಗಿ ಬೀಳುವ ನೀರಿಗೆ ಕೊಡ ಇಟ್ಟು ಕಾಯುವಂತೆ ಇಲ್ಲಿಯೂ ಕಾಯಬೇಕು.

ಕಾಯುವುದಕ್ಕೆ ಅಡ್ಡಿಯೆಂದರೆ ಭೂಮಿಯ ತಿರುಗುವಿಕೆ. ಆಕಾಶ ಗಂಟೆಗೆ 15 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತದೆ. ಸ್ಟ್ಯಾಂಡಿನ ಮೇಲಿಟ್ಟ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿಗೆ ಹತ್ತು ಸೆಕೆಂಡು, 200 ಮಿ.ಮೀ. ಲೆನ್ಸಿಗೆ ಎರಡೂವರೆ ಸೆಕೆಂಡು ದಾಟಿದರೆ ನಕ್ಷತ್ರಗಳು ಗೀರುಗಳಾಗುತ್ತವೆ. ಇದಕ್ಕಾಗಿ ಕ್ಯಾಮೆರಾವನ್ನು ಆಕಾಶದ ಜತೆಗೇ ತಿರುಗಿಸುವ 'ಟ್ರ್ಯಾಕರ್' ಎಂಬ ಸಣ್ಣ ಮೋಟಾರು ಪೆಟ್ಟಿಗೆ ಬಳಸುತ್ತಾರೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ವಿದೇಶಿ ಪುಸ್ತಕಗಳು ಇದನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತವೆ, ಏಕೆಂದರೆ ಅಲ್ಲಿ ಧ್ರುವ ಆಕಾಶದ ಅರ್ಧದಷ್ಟು ಎತ್ತರದಲ್ಲಿದೆ. ಮಂಗಳೂರು, ಉಡುಪಿಗಳಲ್ಲಿ ಅದರ ಎತ್ತರ ಸುಮಾರು 13 ಡಿಗ್ರಿ ಮಾತ್ರ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು. ನಮ್ಮ ಊರಿನಲ್ಲಿ ಆ ಎತ್ತರದಲ್ಲಿ ನಕ್ಷತ್ರ ಇರುವುದಿಲ್ಲ, ತೆಂಗಿನ ಮರ ಇರುತ್ತದೆ. ಆದುದರಿಂದ ದಿಕ್ಸೂಚಿ ಮತ್ತು ಮಟ್ಟಗೋಲಿನಿಂದ ಅಂದಾಜಿಗೆ ನಿಲ್ಲಿಸಿ, ತೆಗೆದ ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತಿಸಿ ತಿದ್ದುಪಡಿ ಹೇಳುವ ತಂತ್ರಾಂಶದ ನೆರವು ಪಡೆಯುವುದೇ ಲೇಸು. ಗುರಿಯನ್ನು ತಾವೇ ಹುಡುಕಿಕೊಳ್ಳುವ ಸಣ್ಣ 'ಸ್ಮಾರ್ಟ್' ಟೆಲಿಸ್ಕೋಪುಗಳೂ ಈಗ ಬಂದಿವೆ. ಕೆಲಸ ಹಗುರ, ಕಲಿಯುವುದೂ ಅಷ್ಟೇ ಕಡಿಮೆ.

ಎರಡು ಗಂಟೆ ಬೆಳಕು ಕೂಡಿಸಬೇಕೆಂದರೆ ಎರಡು ಗಂಟೆಯ ಒಂದೇ ಚಿತ್ರ ತೆಗೆಯುವುದಿಲ್ಲ. ಒಂದೊಂದು ನಿಮಿಷದ 120 ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಗೆಲಾಕ್ಸಿಯ ಬೆಳಕು ಪ್ರತಿ ಚಿತ್ರದಲ್ಲೂ ಒಂದೇ ಸ್ಥಾನದಲ್ಲಿರುತ್ತದೆ; ಕ್ಯಾಮೆರಾದೊಳಗೆ ಹುಟ್ಟುವ ಮರಳಿನಂತಹ ಕಾಳುಗಳು ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತವೆ. ಸರಾಸರಿ ತೆಗೆದಾಗ ಮೊದಲಿನದು ಉಳಿಯುತ್ತದೆ, ಎರಡನೆಯದು ಅಳಿಯುತ್ತದೆ. ಉಪಗ್ರಹಗಳು ಎಳೆದ ಗೆರೆಗಳೂ ಹೀಗೆಯೇ ಮಾಯವಾಗುತ್ತವೆ. ನೂರು ಚಿತ್ರ ಕೂಡಿಸಿದರೆ ಫಲ ಹತ್ತು ಪಟ್ಟು ಉತ್ತಮ. ಅದನ್ನು ಇನ್ನೂ ಎರಡು ಪಟ್ಟು ಮಾಡಬೇಕಾದರೆ ನಾನ್ನೂರು ಚಿತ್ರ ಬೇಕು. ಇದು ವರ್ಗಮೂಲದ ಲೆಕ್ಕ, ಇದರಲ್ಲಿ ರಿಯಾಯಿತಿ ಇಲ್ಲ.

ಹಾಗಾದರೆ ಬಣ್ಣವೆಲ್ಲ ಕಂಪ್ಯೂಟರಿನ ಸೃಷ್ಟಿಯೇ ಎಂದು ಕೇಳುವವರಿದ್ದಾರೆ. ಅಲ್ಲ. ಮಂದ ಬೆಳಕಿನಲ್ಲಿ ಕಣ್ಣು ಬಣ್ಣ ಕಾಣುವುದಿಲ್ಲ, ಕ್ಯಾಮೆರಾ ಕಾಣುತ್ತದೆ. ಇದ್ದುದನ್ನು ಎದ್ದು ತೋರಿಸುವುದು ತಪ್ಪಲ್ಲ. ಇಲ್ಲದ ವಿವರವನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿ 'ನಮ್ಮ ಅಂಗಳದ ಚಿತ್ರ' ಎನ್ನುವುದು ನಮ್ಮ ಮಟ್ಟಿಗೆ ಸುಳ್ಳೇ.

ಹೀಗೆ ತಯಾರಾದ ದೇವಯಾನಿಯ ಯಾವುದೇ ಚಿತ್ರದಲ್ಲಿ ಗೆಲಾಕ್ಸಿಯ ಅಂಚಿನಲ್ಲಿ ಒಂದು ಸಣ್ಣ ಉರುಟು ಚುಕ್ಕೆ ಕಾಣುತ್ತದೆ. ಅದು ಎಂ 32 ಎಂಬ ಇನ್ನೊಂದು ಗೆಲಾಕ್ಸಿ. 2018ರಲ್ಲಿ ಇಬ್ಬರು ಸಂಶೋಧಕರು ಈ ಚುಕ್ಕೆಯ ಬಗ್ಗೆ ಒಂದು ವಾದ ಮಂಡಿಸಿದರು: ಸುಮಾರು 200 ಕೋಟಿ ವರ್ಷಗಳ ಹಿಂದೆ ದೇವಯಾನಿ ಒಂದು ದೊಡ್ಡ ಗೆಲಾಕ್ಸಿಯನ್ನು ನುಂಗಿತು, ಅದರ ಉಳಿದ ತಿರುಳೇ ಈ ಎಂ 32 ಆಗಿರುವ ಸಾಧ್ಯತೆಯಿದೆ. ಅವರಲ್ಲೊಬ್ಬರು ಮಿಷಿಗನ್ ವಿಶ್ವವಿದ್ಯಾನಿಲಯದ ಎರಿಕ್ ಬೆಲ್. ಇನ್ನೊಬ್ಬರು ಗೋವಾ ಪ್ರಾಂತ್ಯದ ಯೇಸುಸಭೆಯ ಧರ್ಮಗುರು ವಂದನೀಯ ರಿಚರ್ಡ್ ಡಿಸೋಜ. 2025ರ ಸೆಪ್ಟೆಂಬರಿನಲ್ಲಿ ವ್ಯಾಟಿಕನ್ ಖಗೋಳ ವೀಕ್ಷಣಾಲಯದ ನಿರ್ದೇಶಕರಾದವರು. ನಮ್ಮ ನೆರೆಯ ಗೋವಾದವರೊಬ್ಬರು ಅಧ್ಯಯನ ಮಾಡಿದ ಚುಕ್ಕೆ ನಮ್ಮ ಹಿತ್ತಿಲಿನ ಚಿತ್ರದಲ್ಲೂ ಸಿಗುತ್ತದೆ ಎಂಬುದು ನಮಗೆ ಸಣ್ಣ ಸಂತೋಷವಲ್ಲ.

ಹವ್ಯಾಸಿಗಳೇ ಹೊಸದನ್ನು ಕಂಡದ್ದೂ ಉಂಟು. ಫ್ರಾನ್ಸಿನ ಯಾನ್ ಸೆಂಟಿ ಎಂಬವರು 2022ರಲ್ಲಿ 106 ಮಿ.ಮೀ. ಅಗಲದ ಟೆಲಿಸ್ಕೋಪಿನಿಂದ ದೇವಯಾನಿಯ ಮೇಲೆ ನೂರಕ್ಕೂ ಹೆಚ್ಚು ಗಂಟೆಗಳ ಬೆಳಕು ಕೂಡಿಸಿದರು. ಜರ್ಮನಿಯ ಮಾರ್ಸೆಲ್ ಡ್ರೆಕ್ಸ್‌ಲರ್ ಮತ್ತು ಫ್ರಾನ್ಸಿನ ಕ್ಸೇವಿಯರ್ ಸ್ಟ್ರಾಟ್ನರ್ ಜತೆ ಸೇರಿ ಪರಿಶೀಲಿಸಿದಾಗ, ಗೆಲಾಕ್ಸಿಯ ಪಕ್ಕದಲ್ಲಿ ಅದುವರೆಗೆ ಯಾರೂ ಗಮನಿಸದ ಆಕ್ಸಿಜನ್ ಅನಿಲದ ದೊಡ್ಡ ಕಮಾನೊಂದು ಕಂಡಿತು. ಅದು ದೇವಯಾನಿಯ ಬಳಿಯದೋ, ನಮ್ಮದೇ ಆಕಾಶಗಂಗೆಯೊಳಗಿನದೋ ಎಂಬ ಚರ್ಚೆ ಬಳಿಕ ನಡೆದಿದೆ. ಆಕಾಶದಲ್ಲಿ ಅತಿ ಹೆಚ್ಚು ಚಿತ್ರಿತವಾದ ಗೆಲಾಕ್ಸಿಯ ಪಕ್ಕದಲ್ಲೇ ಅದು ಇಷ್ಟು ಕಾಲ ಅಡಗಿತ್ತು.

ಧೂಮಕೇತುವಿನ ವಿಧಾನ ಬೇರೆ. ಅದು ನಕ್ಷತ್ರಗಳ ನಡುವೆ ತಾನೂ ಚಲಿಸುತ್ತದೆ. ನಕ್ಷತ್ರಗಳನ್ನು ಹೊಂದಿಸಿ ಚಿತ್ರಗಳನ್ನು ಕೂಡಿಸಿದರೆ ಧೂಮಕೇತು ಕದಡುತ್ತದೆ, ಅದನ್ನು ಹೊಂದಿಸಿದರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಎರಡೂ ಬಗೆಯಲ್ಲಿ ಕೂಡಿಸಿ ಕೊನೆಗೆ ಬೆಸೆಯಬೇಕು. ತಲೆಯ ಹಸಿರು ಬಣ್ಣಕ್ಕೆ ಎರಡು ಇಂಗಾಲದ ಪರಮಾಣುಗಳ ಅಣು ಕಾರಣ. ನೇರವಾದ ನೀಲಿ ಬಾಲ ಅನಿಲದ್ದು, ಬಾಗಿದ ಬೆಳ್ಳನೆಯ ಬಾಲ ಧೂಳಿನದ್ದು. ಉಜ್ವಲ ಧೂಮಕೇತುಗಳು ಹೆಚ್ಚಾಗಿ ಸೂರ್ಯನ ಆಸುಪಾಸಿನಲ್ಲಿ, ಹಲವು ಸಲ ಸೂರ್ಯಾಸ್ತದ ಬಳಿಕ ಪಶ್ಚಿಮದ ಅಂಚಿನಲ್ಲಿ ಕಾಣಿಸುವುದರಿಂದ ಇಲ್ಲಿ ನಮಗೊಂದು ಅನುಕೂಲವಿದೆ. ಗುಡ್ಡ, ಕಟ್ಟಡಗಳಿಲ್ಲದ ಸಮುದ್ರದ ದಿಗಂತ ನಮ್ಮದು. 2024ರ ಅಕ್ಟೋಬರ್ 12ರಂದು ಭೂಮಿಗೆ ಸುಮಾರು ಏಳು ಕೋಟಿ ಕಿ.ಮೀ. ಸಮೀಪ ಬಂದ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಅನಂತರದ ಸಂಜೆಗಳಲ್ಲಿ ಪಶ್ಚಿಮದಲ್ಲೇ ಇತ್ತು. ಮೋಡ ಸರಿದ ಹೊತ್ತಿನಲ್ಲಿ ಕಡಲತೀರಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. 2020ರ ಜುಲೈಯ ನಿಯೋವೈಸ್ ಮಾತ್ರ ನಮ್ಮ ಮಳೆಗಾಲದ ನಡುವೆ ಬಂದು ಹೋಯಿತು.

ಕಡಲು ಕೊಡುವಂತೆ ತೆಗೆದುಕೊಳ್ಳುತ್ತದೆ ಕೂಡ. ರಾತ್ರಿ ಹತ್ತು ದಾಟಿದರೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಸುತ್ತಲೂ ಬೆಚ್ಚನೆಯ ಪಟ್ಟಿ ಕಟ್ಟದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಡದೆ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಒಮ್ಮೆ ಬೂಷ್ಟು ಹಿಡಿದ ಗಾಜನ್ನು ಮೊದಲಿನಂತೆ ಮಾಡುವುದು ದುಬಾರಿ.

ಬೂಷ್ಟಿಗೆ ಮದ್ದುಂಟು, ಮೇಲೆ ಹರಡಿದ ಬೆಳಕಿಗೆ ಡಬ್ಬ ಇಲ್ಲ. ರೋಮ್ ನಗರದ ದೀಪಗಳಿಂದಾಗಿ ವ್ಯಾಟಿಕನ್ ವೀಕ್ಷಣಾಲಯ 1930ರ ದಶಕದಲ್ಲಿ ಕ್ಯಾಸಲ್ ಗಂಡೋಲ್ಫೋ ಬೆಟ್ಟಕ್ಕೆ ಹೋಯಿತು. ಅಲ್ಲಿಗೂ ಬೆಳಕು ಬೆನ್ನಟ್ಟಿ ಬಂದಾಗ 1981ರಲ್ಲಿ ಅಮೆರಿಕದ ಅರಿಜೋನದಲ್ಲಿ ಎರಡನೆಯ ಕೇಂದ್ರ ತೆರೆಯಬೇಕಾಯಿತು. ಹಿತ್ತಿಲಿನ ವೀಕ್ಷಕ ಹಾಗೆ ಎದ್ದು ಹೋಗಲಾರ. ಸಾರ್ವಜನಿಕರೇ ನಕ್ಷತ್ರಗಳನ್ನು ನೋಡಿ ಕಳುಹಿಸಿದ ಮಾಹಿತಿಯ ಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2011ರಿಂದ 2022ರ ನಡುವೆ ರಾತ್ರಿ ಆಕಾಶ ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಬೆಳಗುತ್ತಾ ಬಂದಿದೆ. ಈ ವೇಗದಲ್ಲಿ, ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಜಾಗದಲ್ಲಿ ಅದಕ್ಕೆ ಹದಿನೆಂಟು ತುಂಬುವಾಗ ನೂರು ಕಾಣುತ್ತದೆ.

ಡಿಸೆಂಬರಿನಲ್ಲಿ ಮನೆಮನೆಯ ಮಾಡಿನಡಿ ತೂಗುವ ನಕ್ಷತ್ರದ ಗೂಡುದೀಪಗಳನ್ನು ನಾವಿಲ್ಲಿ ದೂರುತ್ತಿಲ್ಲ. ತೊಂದರೆ ಇರುವುದು ಚರ್ಚಿನ ಗೋಪುರ, ಗ್ರೊಟ್ಟೊ, ಮೈದಾನಗಳ ಕಡೆಗೆ ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಬೆಳಗಿನವರೆಗೆ ಉರಿಯಲು ಬಿಟ್ಟ ಬಿಳಿ ಎಲ್‌ಇಡಿ ಫ್ಲಡ್‌ಲೈಟುಗಳಲ್ಲಿ. ನೀಲಿ ಛಾಯೆಯ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಅದೇ ದೀಪವನ್ನು ಮೇಲಿನಿಂದ ಕೆಳಕ್ಕೆ ತಿರುಗಿಸಿ, ಮುಚ್ಚಿಗೆ ಹಾಕಿ, ಹಳದಿ ಬಲ್ಬಿಗೆ ಬದಲಿಸಿ, ರಾತ್ರಿ ಹತ್ತಕ್ಕೆ ಆರುವಂತೆ ಟೈಮರ್ ಇಟ್ಟರೆ ಕಾವಲಿಗೂ ಕೊರತೆಯಿಲ್ಲ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನವಾಗುವ ವಿಷಯವಿದು.

ಯುವಜನರು ಈ ಹವ್ಯಾಸವನ್ನು ಮೊಬೈಲಿನಿಂದಲೇ ಆರಂಭಿಸಬಹುದು. ಮಳೆ ಹಿಂದೆ ಸರಿದ ಮೇಲೆ, ಅಮಾವಾಸ್ಯೆಯ ಆಚೀಚಿನ ರಾತ್ರಿ, ಫೋನನ್ನು ಅಕ್ಕಿ ತುಂಬಿದ ಸಣ್ಣ ಚೀಲಕ್ಕೆ ಒರಗಿಸಿ 'ನೈಟ್ ಮೋಡ್'ನಲ್ಲಿ ಕುಂತೀ ನಕ್ಷತ್ರಗಳ ಮೇಲ್ಗಡೆಗೆ ತಿರುಗಿಸಿ. ಒತ್ತಿದ ಕೈಯ ಅದುರು ತಾಗದಂತೆ ಮೂರು ಸೆಕೆಂಡಿನ ಟೈಮರ್ ಹಾಕಿ. ಬಂದ ಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ನಕ್ಷತ್ರಗಳ ನಡುವೆ ಒಂದು ಮಾತ್ರ ಚೂಪಾಗಿರದೆ, ಉದ್ದನೆಯ ಕಲೆಯಂತಿದ್ದರೆ ಅದೇ ದೇವಯಾನಿ.