ಹಳೇ ಪ್ಲೇಟಿಗೆ ಹೊಸ ಬೆಲೆ

ಹೇಳಿದ್ದನ್ನೇ ಹೇಳುವವರಿಗೆ ‘ಅದೇ ಹಳೇ ಪ್ಲೇಟು ಹಾಕಬೇಡ’ ಎಂದು ನಾವು ಈಗಲೂ ಗದರುತ್ತೇವೆ. ಪ್ಲೇಟನ್ನು ಕಣ್ಣಾರೆ ಕಾಣದ ಹುಡುಗರ ಬಾಯಲ್ಲೂ ಈ ಮಾತಿದೆ! ಮಾತೇನೋ ಉಳಿಯಿತು. ಆ ಪ್ಲೇಟುಗಳು, ಅಂದರೆ ಗ್ರಾಮಫೋನ್ ತಟ್ಟೆಗಳು, ಎಲ್ಲಿ ಹೋದವು?

ಹಳೇಬೀಡು, ಬೇಲೂರು, ಅರಸೀಕೆರೆಯಂಥ ಊರುಗಳಲ್ಲಿ ಇದಕ್ಕೆ ಉತ್ತರ ಹುಡುಕುವವರು ಮೊದಲು ಕೇಳಬೇಕಾದದ್ದು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರನ್ನು. ಗ್ರಾಮಫೋನು ಸಾಮಾನ್ಯರ ಮನೆಯ ವಸ್ತುವಾಗಿರಲಿಲ್ಲ. ಊರಿಗೆಲ್ಲ ಹಾಡು ಕೇಳಿಸುತ್ತಿದ್ದುದು ಮದುವೆಯ ಚಪ್ಪರದಿಂದ, ಗಣಪತಿ ಪೆಂಡಾಲಿನಿಂದ, ಜಾತ್ರೆಯ ತಗಡಿನ ಹಾರ್ನಿನಿಂದ. ಟೆಂಟ್ ಸಿನಿಮಾದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಮೊಳಗಿತೆಂದರೆ ಆಟ ಶುರುವಾಗುತ್ತದೆಂದೇ ಅರ್ಥ. ಕ್ಯಾಸೆಟ್ಟು ಬಂದ ಮೇಲೆ ತಟ್ಟೆಗಳು ಪೆಟ್ಟಿಗೆ ಸೇರಿದವು, ಪೆಟ್ಟಿಗೆ ಅಟ್ಟ ಸೇರಿತು. ಕೆಲವು ಗುಜರಿಗೆ ಹೋದವು. ಇನ್ನು ಕೆಲವನ್ನು ಬಿಸಿನೀರಿನಲ್ಲಿ ಅದ್ದಿ, ಬಗ್ಗಿಸಿ ಹೂದಾನಿ ಮಾಡಿದವರೂ ಉಂಟು.

ಈಗ ಅದೇ ತಟ್ಟೆಗಳನ್ನು ಹುಡುಕಿಕೊಂಡು ಜನ ಬರುತ್ತಿದ್ದಾರೆ. ಇದು ಜಗತ್ತಿನಾದ್ಯಂತ ಹಬ್ಬಿರುವ ಹುಚ್ಚು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ‘ಗ್ಲಾಮ್ ರಾಕ್’ ಎಂಬ ಸಂಗೀತದ ಅಲೆ ಎದ್ದಿತ್ತು. ಮುಖಕ್ಕೆ ಬಣ್ಣ, ಮಿರಮಿರ ಮಿಂಚುವ ಬಟ್ಟೆ, ಎತ್ತರದ ಹಿಮ್ಮಡಿಯ ಬೂಟು. ಮಾರ್ಕ್ ಬೋಲನ್‌ರ ಟಿ. ರೆಕ್ಸ್ ತಂಡ, ಡೇವಿಡ್ ಬೋವಿ, ಸ್ಲೇಡ್ ಮುಂತಾದವರ ಆ ಕಾಲದ ಎಲ್ಪಿಗಳನ್ನು, ಅದರಲ್ಲೂ ಮೊದಲ ಮುದ್ರಣದ ಪ್ರತಿಗಳನ್ನು, ಸಂಗ್ರಾಹಕರು ಇಂದಿಗೂ ದುಬಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ತಟ್ಟೆಯ ಮೇಲೆ ಗೀರು ಇರಕೂಡದು, ಹೊದಿಕೆಯ ಮೂಲೆ ಮಡಚಿರಕೂಡದು, ಹಿಂದಿನ ಮಾಲೀಕನ ಸಹಿಯೂ ಇರಕೂಡದು. ಇದು ಅವರ ಲೆಕ್ಕ.

ನಮ್ಮಲ್ಲಿ ಗ್ಲಾಮ್ ರಾಕ್ ಹುಟ್ಟಲಿಲ್ಲ, ನಿಜ. ಆದರೆ ಅದರ ದೂರದ ನೆಂಟರು ಕನ್ನಡ ಸಿನಿಮಾದಲ್ಲಿ ಸಿಗುತ್ತಾರೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು. 1981ರ ‘ಗೀತಾ’ದಲ್ಲಿ ಶಂಕರ್‌ನಾಗ್ ಗಿಟಾರ್ ಹಿಡಿದು ವೇದಿಕೆಯ ಮೇಲೆ ಕುಣಿದರು; ಸಂಗೀತ ಇಳಯರಾಜ ಅವರದು. ಇನ್ನು ಈ ಸೀಮೆಯವರಿಗೆ ಹತ್ತಿರದ ಹೆಸರೆಂದರೆ 1964ರ ‘ಅಮರಶಿಲ್ಪಿ ಜಕಣಾಚಾರಿ’. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆಂದು ಹೆಸರಾದ ಅದಕ್ಕೆ ಸಂಗೀತ ಕೊಟ್ಟವರು ಎಸ್. ರಾಜೇಶ್ವರರಾವ್. ಹೀಗೆ ನಮ್ಮ ಸಂಗ್ರಾಹಕರ ಹುಡುಕಾಟಕ್ಕೆ ವಿಷಯದ ಕೊರತೆಯಿಲ್ಲ.

ಅರಗು ಬೇರೆ, ವಿನೈಲ್ ಬೇರೆ

ಹುಡುಕ ಹೊರಡುವ ಮುನ್ನ ಜಾತಿ ಗುರುತಿಸಲು ಕಲಿಯಬೇಕು. ಭಾರವಾಗಿದ್ದು, ಕೈಜಾರಿದರೆ ಚೂರಾಗುವುದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ. ಅರಗು, ಕಲ್ಲಿನ ಪುಡಿ, ಮಸಿ ಕಲಸಿ ಒತ್ತಿದ್ದು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಹಾಡು, ಅಷ್ಟೇ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್‌ನ ಎಲ್ಪಿಯನ್ನು ತಂದಿತು. 12 ಅಂಗುಲ, ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು, ಮಗ್ಗುಲಿಗೆ 20 ನಿಮಿಷಕ್ಕೂ ಹೆಚ್ಚು. ಏಳಂಗುಲದ, 45 ಸುತ್ತಿನ ಚಿಕ್ಕ ತಟ್ಟೆಗಳು ಇನ್ನೊಂದು ಬಗೆ.

ಎರಡಕ್ಕೂ ಒಂದೇ ಆರೈಕೆ ಸಲ್ಲದು. ಅರಗಿನ ತಟ್ಟೆಗೆ ಸ್ಪಿರಿಟ್ ಮುಟ್ಟಿಸಿದಿರೋ, ಹಾಡೇ ಕರಗಿತು! ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಎಲ್ಪಿ ಕೊಟ್ಟರೆ ಅದರ ಸಣ್ಣ ಗೆರೆಗಳು ಒಂದೇ ಸಲಕ್ಕೆ ಹಾಳು. ಯಾವುದನ್ನೂ ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದಂತೆ ನಿಲ್ಲಿಸಬೇಕು. ಬಿಸಿಲಿಗೂ ಮಳೆಗಾಲದ ಶೀತಕ್ಕೂ ದೂರವಿಡಬೇಕು.

ಮೊಹರು ಕಳಂಕವೇ?

ಮೈಕ್‌ಸೆಟ್ಟಿನ ಪೆಟ್ಟಿಗೆ ತೆರೆದವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ. ನೂರಾರು ಮದುವೆ ಕಂಡ ತಟ್ಟೆಗಳು ಸವೆದು ಹೋಗಿರುತ್ತವೆ. ಲೇಬಲ್ಲಿನ ಮೇಲೆ ಅಂಗಡಿಯ ರಬ್ಬರ್ ಮೊಹರು, ಶಾಯಿಯಲ್ಲಿ ಬರೆದ ನಂಬರು. ಬಂದವರು ಚೆನ್ನಾಗಿರುವ ನಾಲ್ಕನ್ನು ಆರಿಸಿಕೊಂಡು ಮಿಕ್ಕದ್ದನ್ನು ಬಿಟ್ಟು ಹೋಗುತ್ತಾರೆ. ಮಿಕ್ಕದ್ದು ಗುಜರಿಗೆ.

ನಷ್ಟ ಆಗುವುದು ಇಲ್ಲೇ. ಗೀರಿಲ್ಲದ ಒಂದು ಪ್ರತಿ ಬೆಂಗಳೂರಿನ ಭಾನುವಾರದ ಸಂತೆಯಲ್ಲೋ ಮುಂಬೈಯಲ್ಲೋ ಇನ್ನೊಂದು ದಿನ ಸಿಕ್ಕೀತು. ಆದರೆ ಒಂದು ಊರಿನ ಇಡೀ ಪೆಟ್ಟಿಗೆ ಎರಡನೆಯ ಸಲ ಸಿಗುವುದಿಲ್ಲ. ಆ ಊರು ಯಾವ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಂಡಿತು, ಹರಿಕಥೆಗೆ ಕಿವಿಗೊಟ್ಟಿತೋ ನಾಟಕದ ಪದಕ್ಕೋ, ತೆಲುಗು ತಮಿಳು ಹಾಡುಗಳು ಎಷ್ಟಿದ್ದವು, ಕನ್ನಡ ಎಷ್ಟಿತ್ತು? ಇವನ್ನೆಲ್ಲ ಯಾವ ದಾಖಲೆಯೂ ಹೇಳದು. ಸವೆದ ಗೆರೆ ಹೇಳುತ್ತದೆ, ನಂಬರು ಹೇಳುತ್ತದೆ.

ಕನ್ನಡಕ್ಕೆ ಇದು ಸಣ್ಣ ಸಂಗತಿಯಲ್ಲ. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ನಮ್ಮ ಬಳಿ ಇಲ್ಲ. ಚಿತ್ರ ಅಳಿದರೂ ಹಾಡು ತಟ್ಟೆಯಲ್ಲಿ ಉಳಿಯಬಹುದು, ಆ ತಟ್ಟೆ ಯಾವ ಹಳ್ಳಿಯ ಅಟ್ಟದಲ್ಲೂ ಇರಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಒತ್ತುವ ಜರ್ಮನಿಯ ಕಾರ್ಖಾನೆಯವರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆ ತನ್ನ ಹೆಸರನ್ನು ತಾನೇ ಹೇಳಿಕೊಂಡಿತು. ಮಿಕ್ಕವುಗಳ ಪರವಾಗಿ ನಾವೇ ಹೇಳಬೇಕು.

ಆದ್ದರಿಂದ ಪೆಟ್ಟಿಗೆ ಸಿಕ್ಕವರು ಆರಿಸುವ ಮೊದಲು ಪಟ್ಟಿ ಮಾಡಲಿ. ಲೇಬಲ್ಲಿನ ಹೆಸರು, ಕಂಪನಿಯ ಸಂಖ್ಯೆ, ಒಳಗಿನ ಖಾಲಿ ಜಾಗದಲ್ಲಿ ಒತ್ತಿರುವ ಅಂಕಿ, ಮೊಹರಿನ ಊರು ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿ ಬರಲಿ. ಅಂಗಡಿ ನಡೆಸಿದವರು ಬದುಕಿದ್ದರೆ ಪಕ್ಕದಲ್ಲಿ ಕೂತು, ಯಾವ ತಟ್ಟೆ ಯಾವ ಹೊತ್ತಿಗೆ ಹಾಕುತ್ತಿದ್ದರೆಂದು ಕೇಳಿ ಬರೆದುಕೊಳ್ಳಲಿ. ಇದಕ್ಕೆ ಕಾಸು ಖರ್ಚಿಲ್ಲ, ಆದರೆ ಕಾಲ ಕಾಯುವುದಿಲ್ಲ.

ಹಳೇಬೀಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಯ್ಸಳೇಶ್ವರ ದೇಗುಲದ ಆವರಣದ ವಸ್ತುಸಂಗ್ರಹಾಲಯದಲ್ಲಿ ಸುತ್ತಲ ಪ್ರದೇಶದಿಂದ ತಂದಿಟ್ಟ ಮೂರ್ತಿಗಳಿವೆ. ಯಾವ ಗುಡಿಯ ಯಾವ ಗೋಡೆಯದೆಂದು ತಿಳಿದ ಮೂರ್ತಿ ಕಥೆ ಹೇಳುತ್ತದೆ. ತಿಳಿಯದ ಮೂರ್ತಿ ಚೆಂದ ಕಾಣುತ್ತದೆ, ಅಷ್ಟೇ. ತಟ್ಟೆಗೂ ಇದೇ ಮಾತು.